ನಂಜಪ್ಪನವರ ಬಾಣಂತನ

ಮಲ್ಲೇಶ್ವರದಲ್ಲಿ ತರಕಾರಿ ಅಂಗಡಿ ಇಟ್ಟಿರುವ ನಂಜಪ್ಪನವರ ಲಿವರ್‌ನಲ್ಲಿ ಗೆಡ್ಡೆಯಾಗಿತ್ತು. ಸಣ್ಣ ಸಣ್ಣ ತೂತುಗಳಲ್ಲೇ ಕ್ಯಾಮೆರಾ, ಕತ್ತರಿ ತೂರಿಸಿ ಅರ್ಧ ಲಿವರ್ ತೆಗೆದೆ ಅಂತ ನನಗೆ ಸ್ವಲ್ಪ ಜಂಬವೇ. ಆದರೆ ಅಷ್ಟು ದೊಡ್ಡ ತುಂಡು ತೂತಿನಲ್ಲಿ ಹೊರಗೆ ಬರುತ್ತದೆಯೇ? ಅದಕ್ಕೆ ಕಿಬ್ಬೊಟ್ಟೆಯಲ್ಲಿ ಒಂದು ಕಡೆ ಅಡ್ಡಕ್ಕೆ ಕೊಯ್ಯಲೇಬೇಕು.

ಡ್ರೆಸ್ಸಿಂಗ್ ಬಿಚ್ಚಿದಾಗ ಅವರ ಹೆಂಡತಿ ಗೌರಮ್ಮ ಬಗ್ಗಿ ನೋಡಿದರು. "ಇದು ಸಿಸೇರಿಯನ್ ಹೊಲಿಗೆ ಅಲ್ವಾ ಡಾಕ್ಟ್ರೇ? ನಂಗೂ ಇಲ್ಲೇ ಹಾಕಿದ್ರು."

"ಹೌದಮ್ಮ, ಜಾಗ ಅದೇ," ಅಂದೆ. ಅಷ್ಟಕ್ಕೇ ಸುಮ್ಮನಿರದೆ, ಉಳಿದ ಲಿವರ್ ಒಳಗೇ ಮತ್ತೆ ಬೆಳೆಯುತ್ತದೆ ಅಂತಲೂ ಹೇಳಿದೆ.

ಮುಂದಿನ ಸಲ ತೋರಿಸಲು ಬಂದಾಗ ನಂಜಪ್ಪನವರ ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ, ಹೊಟ್ಟೆಗೆ ಬಿಗಿಯಾಗಿ ಸುತ್ತಿದ ಹಳೇ ಸೀರೆ. ಮೈಯೆಲ್ಲ ಸಾಂಬ್ರಾಣಿ ವಾಸನೆ.

"ಮೆಣಸಿನ ಸಾರು ಬಿಟ್ಟು ಬೇರೇನೂ ಕೊಡ್ತಿಲ್ಲ ಸಾರ್. ಬಾಣಂತನ ಸಾಕು ಅಂತ ನೀವಾದ್ರೂ ಹೇಳಿ."

"ಒಳಗೆ ಬೆಳೆಯತ್ತೆ ಅಂದಿದ್ದು ಡಾಕ್ಟ್ರೇ ಅಲ್ವಾ? ಆರೈಕೆ ಬೇಡ್ವಾ?" ಅಂದರು ಗೌರಮ್ಮ.

ನಾನು ಸ್ಕ್ಯಾನ್ ನೋಡಿದೆ. ಗೆಡ್ಡೆಯ ಸುಳಿವೇ ಇರಲಿಲ್ಲ, ಲಿವರ್ ಚೆನ್ನಾಗಿ ಬೆಳೆದಿತ್ತು. ಹಾಗಂತ ಹೇಳಿದೆ.

ಗೌರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೇಳಿದರು, "ತೂಕ ಎಷ್ಟಿದೆ ಡಾಕ್ಟ್ರೇ?"

ಯಾರ ಹಾಗಿದೆ ಅಂತ ಕೇಳಲಿಲ್ಲವಲ್ಲ, ಅದೇ ನನ್ನ ಪುಣ್ಯ.