ಗೇರುಗಳ ಮೇಲೆ ಬೀರಪ್ಪನ ಭಂಡಾರ

ಇವತ್ತು ಕಂಪ್ಯೂಟರ್ ಆಟದಲ್ಲಿ ನಾನೇ ಜೋಡಿಸಿದ ಗಾಡಿಯನ್ನು ಎರಡನೇ ಗೇರಿಗೆ ಹಾಕಿದ್ದೇ ತಡ, ಗೇರ್‌ಬಾಕ್ಸಿನ ಹಲ್ಲುಗಳು ಒಂದಕ್ಕೊಂದು ಸಿಕ್ಕಿಕೊಂಡು ಗಾಡಿ ಗಡಗಡ ನಡುಗಿ ನಿಂತಿತು.

ನಮ್ಮೂರು ತುರೋರಿಯ ಮನೆಯಂಗಳ ನೆನಪಾಯಿತು. ಬಾಡಿಗೆಗೆ ಓಡಿ ಮನೆ ನಡೆಸುತ್ತಿದ್ದ ಜೀಪು ಕೆಟ್ಟಿತ್ತು. ಅಪ್ಪ ಗೇರುಗಳನ್ನೆಲ್ಲ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು ಗೋಣಿಚೀಲದ ಮೇಲೆ ಇಟ್ಟಿದ್ದ. ಅಜ್ಜಿ ಬಂದವಳೇ ಬೀರಪ್ಪನ ಭಂಡಾರವೆಂದು ಒಂದು ಮುಷ್ಟಿ ಅರಿಶಿನಪುಡಿ ಎರಚಿಬಿಟ್ಟಳು.

“ಯವ್ವಾ, ಏನ್ ಮಾಡ್ದಿ! ಎಣ್ಣ್ಯಾಗ ಪುಡಿ ಕೂಡಬಾರ್ದು.”

“ಭಂಡಾರ ಅದ, ವರಸಬ್ಯಾಡ. ಬೀರಪ್ಪ ನಡಸ್ತಾನ.”

ದೇವರ ಭಂಡಾರ ಒರೆಸುವಂತಿಲ್ಲ, ಒರೆಸದೆ ಗೇರು ಕೂಡಿಸುವಂತಿಲ್ಲ. ಅಪ್ಪ ಕೈಯಲ್ಲಿ ಬಟ್ಟೆ ಹಿಡಿದು ಸಂಜೆಯವರೆಗೂ ಸುಮ್ಮನೆ ಕೂತ.

ಈಗ ಮೌಸ್ ಹಿಡಿದು ನಾನೂ ಹಾಗೇ ಕೂತಿದ್ದೇನೆ. ಪರದೆಯ ಮೇಲಿನ ಗೇರುಗಳು ಥಳಥಳ ಹೊಳೆಯುತ್ತಿವೆ. ಭಂಡಾರ ಎರಚುವವರು ಮನೆಯಲ್ಲಿ ಯಾರೂ ಉಳಿದಿಲ್ಲ.