ಬಿಳಿ ಪದರದ ಗುಲಾಬಿ ಗೆರೆ

ಅಮ್ಮ ಹದಿನಾಲ್ಕು ವರ್ಷ ಐಸ್‌ಕ್ಯಾಂಡಿ ಫ್ಯಾಕ್ಟರಿಯಲ್ಲಿ ದುಡಿದಳು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಕ್ಯಾಂಡಿಯನ್ನೂ ಮನೆಗೆ ತರಲಿಲ್ಲ. ಸಂಜೆ ಗೇಟಿನಲ್ಲಿ ಹೆಂಗಸರ ಚೀಲ, ಊಟದ ಡಬ್ಬಿ ಎಲ್ಲವನ್ನೂ ತೆರೆಸಿ ನೋಡುತ್ತಿದ್ದರು. ಕ್ಯಾಂಡಿ ಕದ್ದುಕೊಂಡು ಮುಕ್ಕಾಲು ಗಂಟೆ ಬಸ್ಸಿನಲ್ಲಿ ಕೂತರೆ ಕಡ್ಡಿ ಬಿಟ್ಟು ಬೇರೇನು ಉಳಿಯುತ್ತದೆ ಎಂದು ಆ ಕಾವಲುಗಾರನನ್ನು ಯಾರೂ ಕೇಳಲಿಲ್ಲ.

ಅವಳದು ಪ್ಯಾಕಿಂಗ್ ಕೆಲಸ. ಕಿತ್ತಳೆ, ಕೆನೆ, ಮತ್ತೆ ಕಿತ್ತಳೆ ಎಂದು ಮೂರು ಪದರದ ಕ್ಯಾಂಡಿಗಳು ಬೆಲ್ಟಿನ ಮೇಲೆ ಬರುತ್ತಿದ್ದವು. ಮುರಿದದ್ದನ್ನು ಆರಿಸಿ ತೆಗೆದು, ಸರಿಯಿದ್ದದ್ದನ್ನು ಪೆಟ್ಟಿಗೆಗೆ ಜೋಡಿಸಬೇಕು. ಫ್ಯಾಕ್ಟರಿಯವರು ಕೊಟ್ಟ ಕೈಗವಸು ಬೆಳಗ್ಗೆ ಹತ್ತಕ್ಕೆಲ್ಲ ಒದ್ದೆಮುದ್ದೆ. ಅದಕ್ಕಿಂತ ಬರಿಗೈಯೇ ವಾಸಿ ಎಂದು ಎಲ್ಲರೂ ಬಿಚ್ಚಿಡುತ್ತಿದ್ದರು. ಮೊದಮೊದಲು ಬೆರಳು ಜುಮ್ಮೆನ್ನುತ್ತಿತ್ತಂತೆ. ಆಮೇಲೆ ಉರಿ. ಆಮೇಲೆ ಏನೂ ಇಲ್ಲ. ನನಗೆ ಹತ್ತು ತುಂಬುವ ಹೊತ್ತಿಗೆ ಅವಳು ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆ ಹಿಡಿಯದೆ ಇಳಿಸುತ್ತಿದ್ದಳು. ನಾನು ಪೆದ್ದಿ, ಅದನ್ನು ಶಕ್ತಿ ಎಂದುಕೊಂಡು ಹೆಮ್ಮೆಪಡುತ್ತಿದ್ದೆ.

"ಯಾರ ಹತ್ರಾನೂ ಹೇಳ್ಬೇಡ ಕಣೇ," ಎಂದಿದ್ದಳು ಒಮ್ಮೆ. "ಬೆರಳಿಗೆ ಸ್ಪರ್ಶ ಇಲ್ಲ ಅಂತ ಗೊತ್ತಾದ್ರೆ ಅವತ್ತೇ ಮನೆಗೆ ಕಳಿಸ್ತಾರೆ. ಮೆಷಿನ್‌ಗೆ ಕೈ ಸಿಕ್ಕಿದ್ರೆ ಅವರ ತಲೆ ಮೇಲೆ ಬರುತ್ತಲ್ಲ, ಅದಕ್ಕೆ."

ಅಪ್ಪ ನಾನು ತೊಟ್ಟಿಲಲ್ಲಿರುವಾಗಲೇ ಸತ್ತಿದ್ದ. ಆ ಕೆಲಸ ಹೋದರೆ ನಮಗೆ ಬೇರೆ ಗತಿಯಿರಲಿಲ್ಲ. ಹೇಳುವುದಿಲ್ಲ ಎಂದು ಅವಳ ತಲೆ ಮುಟ್ಟಿ ಆಣೆ ಮಾಡಿದೆ.

ಆದರೆ ನನ್ನ ಬಾಯಿ ನನ್ನ ಮಾತನ್ನೇ ಕೇಳುವ ಬಾಯಲ್ಲ. ಅಮ್ಮ ದಿನಾ ಕ್ಯಾಂಡಿ ತರುತ್ತಾಳೆ, ತಿಂದು ತಿಂದು ನನಗೆ ಸಾಕಾಗಿದೆ ಎಂದು ಶಾಲೆಯಲ್ಲಿ ಜಂಬ ಕೊಚ್ಚಿಕೊಂಡೆ. ಅಮ್ಮನ ಸೂಪರ್‌ವೈಸರನ ಮಗಳು ನಮ್ಮ ತರಗತಿಯಲ್ಲೇ ಇದ್ದಳು.

"ಹೌದಾ? ಹಾಗಾದ್ರೆ ಭಾನುವಾರ ನಿಮ್ಮನೆಗೆ ಬರ್ತೀವಿ. ಕೊಡು ನೋಡೋಣ," ಎಂದಳು. ಇನ್ನಿಬ್ಬರು ಗೆಳತಿಯರೂ ತಾವೂ ಬರುತ್ತೇವೆಂದು ಸೇರಿಕೊಂಡರು. ನಾನು ಮನೆಗೆ ಬಂದು ಅತ್ತೆ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದ್ರೆ, ನೀನು ಪಕ್ಕದ ಮನೆ ಹಾಸಿಗೆಗೂ ಚಾಚ್ತೀಯಲ್ಲೇ!" ಎಂದು ಅಮ್ಮ ಬೈದಳು. ಸ್ವಲ್ಪ ಹೊತ್ತಿನ ಮೇಲೆ ತಾನೇ, "ಅತ್ತಿದ್ದು ಸಾಕು ಬಿಡು. ದಿನಾ ಸಾವಿರಗಟ್ಲೆ ನೋಡ್ತೀನಿ, ಐದು ಮಾಡೋಕೆ ಬರಲ್ವಾ ನಂಗೆ?" ಎಂದಳು.

ಭಾನುವಾರ ಬೆಳಗ್ಗೆ ಆರಕ್ಕೇ ಶುರುಮಾಡಿದಳು. ಕಿತ್ತಳೆ ಹಿಂಡಿ, ಬೀಜ ಸೋಸಿ, ಸಕ್ಕರೆ ಕರಗಿಸಿ, ಐದು ಸ್ಟೀಲ್ ಲೋಟಗಳಿಗೆ ಮೂರನೇ ಒಂದು ಭಾಗದಷ್ಟು ಹುಯ್ದು, ನಮ್ಮ ಹಳೇ ಫ್ರಿಜ್ಜಿನ ಮೇಲಿನ ಗೂಡಿನಲ್ಲಿ ಇಟ್ಟಳು. ಅದು ಗಟ್ಟಿಯಾಗಬೇಕು, ಆದರೆ ಕಲ್ಲಾಗಬಾರದು. ಮೇಲ್ಭಾಗ ಇನ್ನೂ ಅಂಟಂಟಾಗಿರುವಾಗಲೇ ಕಡ್ಡಿ ನಿಲ್ಲಿಸಿ ತಣ್ಣಗಿನ ಕೆನೆ ಹುಯ್ಯಬೇಕು. ಅವಸರ ಮಾಡಿದರೆ ಎರಡೂ ಕಲಸಿಹೋಗುತ್ತವೆ. ತಡಮಾಡಿದರೆ ಎಳೆಯುವಾಗ ಪದರಗಳು ಕಳಚಿಕೊಳ್ಳುತ್ತವೆ. ಬೇರೆ ಯಾರಾದರೂ ಆಗಿದ್ದರೆ ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಅಮ್ಮ ಕಡ್ಡಿಯ ತುದಿಯನ್ನು ಊರಿ ನೋಡಿ, ಆ ತುದಿಯನ್ನು ತುಟಿಗೆ ಒತ್ತಿಕೊಳ್ಳುತ್ತಿದ್ದಳು.

"ಕಳ್ಳ ಬೆಕ್ಕು, ಈಗ್ಲೇ ನೆಕ್ತಿದೀಯಾ?" ಎಂದು ರೇಗಿಸಿದೆ. ಅವಳೂ ನಕ್ಕಳು.

ನಾನು ಹೊರಗಿನ ಮೆಟ್ಟಿಲು ಗುಡಿಸಲು ಹೋದೆ. ಆ ಹೊತ್ತಿಗೆ ಅವಳು ಕೆನೆಯ ಡಬ್ಬಿಯ ತಗಡಿನ ಮುಚ್ಚಳ ಕೊರೆದು ಕೈಯಿಂದಲೇ ಎತ್ತಿ, ಎರಡನೇ ಪದರ ಹುಯ್ದಿದ್ದಳು. ಆಮೇಲೆ ಕೊನೆಯ ಪದರಕ್ಕೆಂದು ಇನ್ನೂ ನಾಲ್ಕು ಹಣ್ಣು ಹಿಂಡಿದಳು.

ನಾಲ್ಕು ಗಂಟೆಗೆ ಗೆಳತಿಯರು ಬಂದರು. ಅಮ್ಮ ಲೋಟಗಳನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ಒಂದೊಂದಾಗಿ ಎಳೆದಳು. ಪದರಗಳು ಕತ್ತರಿಸಿಟ್ಟ ಹಾಗೆ ಬೇರೆ ಬೇರೆ ಕಾಣುತ್ತಿದ್ದವು. ನನಗೆ ಆ ಕ್ಷಣ ಎಷ್ಟು ಖುಷಿಯಾಯಿತೆಂದರೆ ಅಮ್ಮನನ್ನು ಅಪ್ಪಿಕೊಳ್ಳಬೇಕೆನಿಸಿತು.

"ಅಯ್ಯೋ, ಇದ್ರಲ್ಲಿ ಪಿಂಕ್ ಕೂಡ ಇದೆ!" ಎಂದಳು ಒಬ್ಬಳು. ಬಿಳಿ ಪದರದ ಒಂದು ಮಗ್ಗುಲಿಗೆ ಗುಲಾಬಿ ಬಣ್ಣದ ಗೆರೆ ಇಳಿದಿತ್ತು. ಎಲ್ಲರ ಕ್ಯಾಂಡಿಯಲ್ಲೂ ಇತ್ತು. ಮೂವರೂ ಚೀಪುತ್ತಿದ್ದರು.

ನಾನು ಅಮ್ಮನ ಕೈ ನೋಡಿದೆ. ಕಿರುಬೆರಳಿನ ಹೊರಮಗ್ಗುಲು ಬುಡದಿಂದ ತುದಿಯವರೆಗೆ ಸೀಳಿತ್ತು. ರಸದಲ್ಲಿ ನೆಂದು ಗಾಯದ ಅಂಚು ಬೆಳ್ಳಗಾಗಿತ್ತು. ಅವಳಿಗೆ ಅದು ಗೊತ್ತೇ ಇರಲಿಲ್ಲ. "ಅಮ್ಮಾ, ನಿನ್ ಬೆರಳು!" ಎಂದು ಕಿರುಚಿದೆ. ಅವಳು ಥಟ್ಟನೆ ಕೈಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡಳು.

ಇಬ್ಬರು ಬಚ್ಚಲಿಗೆ ಓಡಿ ಉಗುಳಿದರು. ಸೂಪರ್‌ವೈಸರನ ಮಗಳು ಮಾತ್ರ ನಿಂತಲ್ಲೇ ನಿಂತು ಕೇಳಿದಳು: "ಅಷ್ಟು ದೊಡ್ಡ ಗಾಯ ಇಟ್ಕೊಂಡು ಹುಳಿ ಹಣ್ಣು ಹಿಂಡಿದ್ರಾ ಆಂಟಿ? ಉರೀಲಿಲ್ವಾ?"

"ಸಣ್ಣದು ಪುಟ್ಟಿ. ಈಗ ತಾನೇ ಆಯ್ತು," ಎಂದಳು ಅಮ್ಮ.

ಅಷ್ಟಕ್ಕೇ ಮುಗಿಯಬೇಕಿತ್ತು. ನನಗೋ ನಾಚಿಕೆಯಿಂದ ಮೈಯೆಲ್ಲ ಬೆಂಕಿ. ಅಮ್ಮ ಗಲೀಜು ಎಂದು ನಾಳೆ ಶಾಲೆಯಲ್ಲೆಲ್ಲ ಹೇಳುತ್ತಾರಲ್ಲ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. "ಅವಳು ಬೇಕಂತ ಮಾಡಿಲ್ಲ ಕಣೇ! ಅವಳ ಬೆರಳಿಗೆ ಏನೂ ಗೊತ್ತಾಗಲ್ಲ. ಬೆಂಕಿ ಮುಟ್ಟಿದ್ರೂ ಗೊತ್ತಾಗಲ್ಲ!" ಎಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಕಾಪಿ ಪುಸ್ತಕದಲ್ಲಿ ಹತ್ತು ಸಲ ದುಂಡಗೆ ಬರೆದವಳು ನಾನು. ಮೇಷ್ಟರು ಅಕ್ಷರಕ್ಕೆ ಶಹಬ್ಬಾಸ್ ಹೇಳಿದ್ದರು.

ಮಂಗಳವಾರ ಅಮ್ಮನನ್ನು ಫ್ಯಾಕ್ಟರಿಯ ಡಾಕ್ಟರ ಬಳಿ ಕಳಿಸಿದರು. ನಾನು ಶಾಲೆಯಿಂದ ಬರುವಷ್ಟರಲ್ಲಿ ಅವಳು ಮನೆಯಲ್ಲಿದ್ದಳು. ಊಟದ ಡಬ್ಬಿ ಮುಚ್ಚಳ ತೆಗೆಯದೆ ಹಾಗೇ ಇತ್ತು.

"ಕಣ್ಣು ಮುಚ್ಚಿಸಿ ಹತ್ತು ಸಲ ಸೂಜಿ ಚುಚ್ಚಿದ್ರಂತೆ. ನಂಗೆ ಎರಡು ಸಲ ಗೊತ್ತಾಯ್ತು," ಎಂದಳು. "ಅವರು ಮೆಲ್ಲಗೆ ಚುಚ್ಚಿರ್ಬೇಕು. ನೀನು ಚುಚ್ಚು ನೋಡೋಣ."

ಹೊಲಿಗೆ ಡಬ್ಬಿಯಿಂದ ಸೂಜಿ ತಂದೆ. ಅವಳು ಗೋಡೆಗೊರಗಿ ಕಣ್ಣು ಮುಚ್ಚಿ, ಅಂಗೈ ಮೇಲೆ ಮಾಡಿ ನನ್ನ ತೊಡೆಯ ಮೇಲಿಟ್ಟಳು. ಕಿರುಬೆರಳಿಗೆ ಬ್ಯಾಂಡೇಜು ಸುತ್ತಿತ್ತು. ನಾನು ಸೂಜಿಯನ್ನು ಉಂಗುರದ ಬೆರಳಿನ ಹತ್ತಿರ ಒಯ್ದೆ. ಚುಚ್ಚಲು ಆಗಲಿಲ್ಲ.

"ಹಾಂ! ಈಗ ಚುಚ್ಚಿದೆ," ಎಂದಳು ಅಮ್ಮ.

ಸೂಜಿ ಇನ್ನೂ ಗಾಳಿಯಲ್ಲೇ ಇತ್ತು.

"ಹೌದಮ್ಮ," ಎಂದೆ. "ಸರಿಯಾಗಿ ಹೇಳ್ದೆ."

"ನೋಡಿದ್ಯಾ! ನಾನು ಹೇಳ್ಲಿಲ್ವಾ?" ಎಂದು ಕಣ್ಣು ಬಿಟ್ಟಳು. ಭಾನುವಾರದ ನಂತರ ಮೊದಲ ಸಲ ಅವಳ ಮುಖದಲ್ಲಿ ಕಳೆ ಬಂದಿತ್ತು.

ಮರುದಿನ ಡಬ್ಬಿ ಕಟ್ಟಿಕೊಂಡು ಮೊದಲ ಬಸ್ಸಿಗೇ ಹೊರಟಳು. ಒಳಗೆ ಬಿಡಲಿಲ್ಲ. ಸಂಜೆಯವರೆಗೂ ಗೇಟಿನ ಹೊರಗೇ ನಿಂತಿದ್ದಳಂತೆ. ಕಾವಲುಗಾರನಿಗೆ, ಸೂಪರ್‌ವೈಸರನಿಗೆ, ಹೋಗಿಬರುವ ಹೆಂಗಸರಿಗೆ, ಎಲ್ಲರಿಗೂ ಅವಳದು ಒಂದೇ ಮಾತು: "ನನ್ ಮಗಳು ಚುಚ್ಚಿ ನೋಡಿದ್ದಾಳೆ. ಅವಳು ಸುಳ್ಳು ಹೇಳಲ್ಲ."