ಕನ್ಯೆ ನೋಡಲು ಹೋಗಿ ಅತ್ತೆ ಸಂಘರ್ಷ ಕೇಳಿದ್ದು

ಮದುವೆಯಾಗಿ ಶಹಾಬಾದಕ್ಕೆ ಬಂದ ಮೇಲೆ, ಅರ್ಧಕ್ಕೆ ಬಿಟ್ಟಿದ್ದ ಬಿ.ಎ.ಯನ್ನು ಮನೆಯಲ್ಲೇ ಓದಿ ಮುಗಿಸುವ ಹುಚ್ಚು ನನಗೆ ಹತ್ತಿತು. ಪರೀಕ್ಷೆಯಲ್ಲಿ ಕಥೆ, ನಾಟಕಗಳ ಪರಿಭಾಷೆಗೆಂದೇ ಒಂದು ಪ್ರಶ್ನೆಪತ್ರಿಕೆಯಿತ್ತು. ಗಟ್ಟಿಯಾಗಿ ಹೇಳಿಕೊಳ್ಳದಿದ್ದರೆ ನನ್ನ ತಲೆಯಲ್ಲಿ ಏನೂ ನಿಲ್ಲುವುದಿಲ್ಲ. ಹಾಗಾಗಿ ರೊಟ್ಟಿ ಬಡಿಯುತ್ತಲೇ ‘ಕಥಾವಸ್ತು, ಪಾತ್ರ, ಸಂಘರ್ಷ, ಪರಾಕಾಷ್ಠೆ’ ಎಂದು ಒದರುತ್ತಿದ್ದೆ. ಎದುರಿಗೆ ಜೋಳ ಹಸನು ಮಾಡುತ್ತ ಕೂತ ಅತ್ತೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

“ಸಂಘರ್ಷ ಅಂದ್ರೇನಬೇ?” ಎಂದರು ಒಂದು ದಿನ.

“ಒಬ್ಬರಿಗೆ ಏನೋ ಬೇಕಾಗಿರ್ತದ್ರಿ ಅತ್ತಿ, ಅದಕ್ಕ ಇನ್ನೊಬ್ಬರು ಅಡ್ಡ ಬರ್ತಾರ. ಅದಿಲ್ಲಂದ್ರ ಕಥಿನೇ ಆಗಂಗಿಲ್ಲ.”

ಅತ್ತೆ ಮೊರ ಕೆಳಗಿಟ್ಟರು. “ಹಂಗಂದ್ರ ನಮ್ಮನ್ಯಾಗ ದಿನಾ ಕಥಿನೇ ಅದ ಬಿಡು.”

ಆಮೇಲೆ ಆ ಮಾತುಗಳೆಲ್ಲ ಅವರ ಬಾಯಿಗೆ ಹತ್ತಿದವು. ನಾನು ಒಲೆ ಮುಂದೆ ಗೊಣಗಿದರೆ “ನಿನ್ನ ಸ್ವಗತ ಪಡಸಾಲಿತನಾ ಕೇಳಸ್ತದ” ಎನ್ನುವರು. ಸಕ್ಕರೆ ಕೇಳಲು ಬಂದ ಪಕ್ಕದ ಮನೆಯಾಕೆ ಊರ ಸುದ್ದಿಯೆಲ್ಲ ಹೇಳಿ ಹೋದ ಮೇಲೆ, “ಪೀಠಿಕಿನೇ ಇಷ್ಟುದ್ದ ಆದ್ರ ಹ್ಯಾಂಗ?” ಎನ್ನುವರು.

ಇದು ಮನೆಯೊಳಗೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಅಷ್ಟರಲ್ಲಿ ನನ್ನ ಮೈದುನನಿಗೆ ಕನ್ಯೆ ನೋಡಲು ಅತ್ತೆ, ಅವನು, ನಾನು ಮೂವರೂ ಚಿಂಚೋಳಿ ಕಡೆಯ ಚಿಮ್ಮನಚೋಡಕ್ಕೆ ಹೊರಟೆವು. ಮೈದುನ ವಾಡಿಯ ಸಿಮೆಂಟ್ ಫ್ಯಾಕ್ಟರಿಯೊಂದರಲ್ಲಿ ಎಲೆಕ್ಟ್ರಿಷಿಯನ್. ಹೊಸ ಅಂಗಿಯ ಇಸ್ತ್ರಿ ಕೆಡಬಾರದೆಂದು ದಾರಿಯುದ್ದಕ್ಕೂ ಸೀಟಿಗೆ ಬೆನ್ನು ತಾಗಿಸಲಿಲ್ಲ.

ಹುಡುಗಿಯನ್ನು ಸಾಕಿದ ಸೋದರಮಾವ “ಬರ್ರಿ ಬರ್ರಿ, ಕುಂದ್ರಿ” ಎಂದು ಕೂರಿಸಿದರು. ಮಂಡಕ್ಕಿ ಒಗ್ಗರಣೆಯ ಸುಸಲಾ, ಮಿರ್ಚಿಭಜಿ ಬಂದವು. ಮಾತೆಲ್ಲ ಅವರದೇ. “ಹುಡುಗಿ ಭಾಳ ಸಾದಾ ಅದಾಳ್ರಿ. ಎದುರು ಮಾತಾಡಂಗಿಲ್ಲ. ಅಡಿಗಿ ಬರ್ತದ, ಹೊಲಿಗಿ ಬರ್ತದ. ಸಿಟ್ಟಂದ್ರ ಏನಂತ ಗೊತ್ತಿಲ್ರಿ.” ಹುಡುಗಿ ಚಾ ಕೊಟ್ಟು, ತಲೆ ತಗ್ಗಿಸಿ ಗೋಡೆಗೆ ಒರಗಿ ನಿಂತಳು.

ಅತ್ತೆ ಚಾ ಮುಗಿಸಿ ಕಪ್ಪು ಕೆಳಗಿಟ್ಟರು. “ಎಲ್ಲಾ ಛಲೋ ಹೇಳಿದ್ರಿ ಅಣ್ಣಾರ. ಮತ್ತ ಸಂಘರ್ಷ ಎಲ್ಲಿ?”

ಸೋದರಮಾವನ ಕೈಯಲ್ಲಿದ್ದ ಭಜಿ ಬಾಯಿಗೆ ಹೋಗದೆ ಅಲ್ಲೇ ನಿಂತಿತು. “ಏನ್ರಿ?”

“ಸಂಘರ್ಷ ಇಲ್ದ ಕಥಿ ಇರಂಗಿಲ್ಲಂತ ನಮ್ಮ ಸೊಸಿ ಪುಸ್ತಕದಾಗ ಅದ. ನೀವು ಏನರ ಮುಚ್ಚಿಡಾಕತ್ತೀರಿ.”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸೀರೆಯ ಅಂಚನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಸೋದರಮಾವ “ನಮ್ಮ ಮನಿತನದಾಗ ಅಂಥಾದ್ದೇನೂ ಇಲ್ರಿ! ಕೋರ್ಟಿನ ಮೆಟ್ಟಿಲು ಹತ್ತಿದವ್ರಲ್ಲ ನಾವು” ಎಂದು ಬೆವರು ಒರೆಸಿಕೊಂಡರು.

ಆಗ ಗೋಡೆಯ ಕಡೆಯಿಂದ ದನಿ ಬಂತು. “ಸಂಘರ್ಷ ಅದ್ರೀ ಅವ್ವಾರ.”

“ಏನದ ತಂಗಿ?”

“ಸೇಡಂದಾಗ ನನಗ ಬಿ.ಇಡಿ ಸೀಟು ಸಿಕ್ಕದ. ಮಾಮಾ ಬ್ಯಾಡ ಅಂತಾರ. ಅದು ಮುಗಿಯೋತನಾ ನಾ ಮದುವಿ ಆಗಂಗಿಲ್ಲ. ಮುಂಜಾನಿಂದ ಉಂಡಿಲ್ಲ.”

ಸೋದರಮಾವ ತಲೆಯ ಮೇಲೆ ಕೈಯಿಟ್ಟುಕೊಂಡರು. ಇನ್ನು ನಮ್ಮನ್ನು ಎಬ್ಬಿಸಿ ಕಳಿಸುತ್ತಾರೆಂದು ನಾನು ಚಪ್ಪಲಿ ಎಲ್ಲಿದೆಯೆಂದು ಕಣ್ಣಲ್ಲೇ ಹುಡುಕಿದೆ. ಅತ್ತೆಯ ಮುಖ ಮಾತ್ರ ಅರಳಿತ್ತು. ತಮ್ಮ ಭಜಿ ತಟ್ಟೆಯನ್ನು ಅವಳತ್ತ ಸರಿಸಿದರು. “ಬಾ, ಮೊದ್ಲು ತಿನ್ನು. ಈಗ ನೋಡು, ಪಾತ್ರ ಕಾಣಾಕತ್ತದ.”

ಅವಳು ಕಣ್ಣೊರೆಸಿಕೊಳ್ಳುತ್ತಲೇ ತಿಂದಳು. ಅದುವರೆಗೆ ತುಟಿ ಬಿಚ್ಚದಿದ್ದ ಮೈದುನ ಇದ್ದಕ್ಕಿದ್ದಂತೆ “ನಾ ಕಾಯ್ತೀನ್ರಿ” ಎಂದ. ಅವನನ್ನು ಯಾರೂ ಕೇಳಿರಲಿಲ್ಲ. ಅವನ ಕಿವಿಗಳು ಕೆಂಪಾದವು. ಹುಡುಗಿ ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದಳು. ಸೋದರಮಾವ ತಲೆಯ ಮೇಲಿನ ಕೈ ಇಳಿಸಿ, “ಮುಂದ ಮಾತು ತಪ್ಪಬ್ಯಾಡ್ರಿ ಮತ್ತ” ಎಂದರು.

ವಾಪಸ್ ಬರುವಾಗ ಜೀಪಿನಲ್ಲಿ ನಾನು ಸಿಡುಕಿದೆ. “ಹಂಗ ಕೇಳಬಾರದಿತ್ರಿ ಅತ್ತಿ.”

“ಕೇಳಿದ್ದಕ್ಕ ಗೊತ್ತಾತು. ಇಲ್ಲಂದ್ರ ಪರಾಕಾಷ್ಠಿ ನಮ್ಮನ್ಯಾಗ ಆಗ್ತಿತ್ತು,” ಎಂದು ಅವರು ಕಣ್ಣು ಮುಚ್ಚಿ ಒರಗಿಕೊಂಡರು.

ಅವಳು ಓದು ಮುಗಿಸಿದ ಮೇಲೆಯೇ ಮದುವೆಯಾಯಿತು. ಈಗ ನನ್ನ ನೆಗೆಣ್ಣಿಯಾದ ಅವಳು ಚಿತ್ತಾಪುರದ ಶಾಲೆಯೊಂದರಲ್ಲಿ ಟೀಚರ್. ಬೆಳಗಿನ ರೈಲಿಗೆ ಓಡುವ ಅವಳ ಡಬ್ಬಿಯನ್ನು ಅತ್ತೆಯೇ ಕಟ್ಟುತ್ತಾರೆ. ನನ್ನ ಮಕ್ಕಳ ಡಬ್ಬಿ ಒಮ್ಮೊಮ್ಮೆ ಮರೆತುಹೋಗುತ್ತದೆ, ಅವಳದು ಮಾತ್ರ ಎಂದೂ ಮರೆತಿಲ್ಲ.